ಅರ್ಧದಾರಿಯ ಪೆಟ್ ಸ್ಕ್ಯಾನ್: ಲಿಂಫೋಮಾದಲ್ಲಿ ನಾನು ಅದನ್ನು ಓದುವ ರೀತಿ

ಲಿಂಫೋಮಾ ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಅದರ ರೋಗಿಗೆ ಕೀಮೋ ಅರ್ಧದಲ್ಲಿರುವಾಗ ಮಾಡುವ ಎರಡನೇ ಪೆಟ್ ಸ್ಕ್ಯಾನ್ ಪರದೆಗೆ ಬಂದ ಕೂಡಲೇ ನಾನು ಗಂಟನ್ನು ನೋಡುವುದಿಲ್ಲ. ಮೊದಲು ಲಿವರ್ ನೋಡುತ್ತೇನೆ. ಅದರ ಬಲಭಾಗದಲ್ಲಿ ಒಂದು ದುಂಡನೆ ಗುರುತು ಹಾಕಿ, ಅಲ್ಲಿ ಎಫ್‌ಡಿಜಿ (ಸ್ಕ್ಯಾನ್‌ಗೆ ಮೊದಲು ಚುಚ್ಚುವ ಔಷಧಿ; ಜೀವಂತ ಕ್ಯಾನ್ಸರ್ ಅದನ್ನು ಹೆಚ್ಚು ಹೀರಿ ಚಿತ್ರದಲ್ಲಿ ಹೊಳೆಯುತ್ತದೆ) ಎಷ್ಟು ಸೇರಿದೆ ಎಂದು ಅಳೆಯುತ್ತೇನೆ. ಆಮೇಲೆ ಎದೆಯ ನಡುವಿನ ದೊಡ್ಡ ರಕ್ತನಾಳ. ಈ ಎರಡು ಅಳತೆ ಸಿಕ್ಕ ಮೇಲೆಯೇ ಗಂಟಿನ ಸರದಿ. ಗಂಟನ್ನೇ ಮೊದಲು ನೋಡಿದರೆ ಮನಸ್ಸು ಆಗಲೇ ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ಅಳತೆಯನ್ನು ಅದಕ್ಕೆ ಹೊಂದಿಸುವ ಆಸೆ ಹುಟ್ಟುತ್ತದೆ.

ನಾನು ನ್ಯೂಕ್ಲಿಯರ್ ಮೆಡಿಸಿನ್ ವೈದ್ಯ. ಕೀಮೋ ಕೊಡುವುದು ಆಂಕಾಲಜಿಸ್ಟ್. ಅದು ನಾಟುತ್ತಿದೆಯೇ ಎಂದು ಅರ್ಧದಲ್ಲೇ ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಲಿಂಫೋಮಾದ ಒಂದು ಬಗೆಯಾದ ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಈ ಮಾತಿಗೆ ಎಷ್ಟು ತೂಕ ಇದೆ ಎಂದು 2007ರಲ್ಲಿ ಇಟಲಿ ಮತ್ತು ಡೆನ್ಮಾರ್ಕ್‌ನ ವೈದ್ಯರು ಸೇರಿ ತೋರಿಸಿಕೊಟ್ಟರು. ಎಬಿವಿಡಿ ಎಂಬ ನಾಲ್ಕು ಔಷಧಿಗಳ ಕೀಮೋದ ಎರಡು ಸೈಕಲ್ (ಸುತ್ತು) ಮುಗಿದ 260 ರೋಗಿಗಳಿಗೆ ಅವರು ಸ್ಕ್ಯಾನ್ ಮಾಡಿದರು. ಸ್ಕ್ಯಾನ್ ತಿಳಿಯಾಗಿದ್ದವರಲ್ಲಿ, ಅಂದರೆ ಕಾಯಿಲೆಯ ಹೊಳಪು ಕಾಣದವರಲ್ಲಿ, ನೂರಕ್ಕೆ 95 ಜನರಿಗೆ ಎರಡು ವರ್ಷ ಕಾಯಿಲೆ ಮತ್ತೆ ತಲೆ ಎತ್ತಲಿಲ್ಲ. ಉಳಿದವರಲ್ಲಿ ಹಾಗಿದ್ದದ್ದು ನೂರಕ್ಕೆ ಸುಮಾರು 13 ಜನ ಮಾತ್ರ. ಚಿಕಿತ್ಸೆಗೆ ಮೊದಲು ಹಾಕುವ ಅಪಾಯದ ಲೆಕ್ಕಾಚಾರಗಳೆಲ್ಲ ಇದರ ಮುಂದೆ ಮಂಕಾದವು.

ಈಗ ನಾವೆಲ್ಲ ಬಳಸುವುದು ಡೋವಿಲ್ ಅಂಕ. ಫ್ರಾನ್ಸ್‌ನ ಡೋವಿಲ್ ಪಟ್ಟಣದಲ್ಲಿ 2009ರಲ್ಲಿ ನಡೆದ ಸಭೆಯಿಂದ ಬಂದದ್ದು. ಗಂಟಿನಲ್ಲಿ ಹೊಳಪೇ ಇಲ್ಲದಿದ್ದರೆ 1. ಎದೆಯ ರಕ್ತನಾಳದಷ್ಟು ಅಥವಾ ಕಡಿಮೆ ಇದ್ದರೆ 2. ಅದಕ್ಕಿಂತ ಜಾಸ್ತಿ ಇದ್ದರೂ ಲಿವರ್ ದಾಟದಿದ್ದರೆ 3. ಲಿವರ್‌ಗಿಂತ ಜಾಸ್ತಿಯಾದರೆ 4. ತುಂಬಾ ಜಾಸ್ತಿಯಾದರೆ, ಇಲ್ಲವೇ ಹೊಸ ಕಡೆ ಕಾಯಿಲೆ ಕಂಡರೆ 5. ಸಾಮಾನ್ಯವಾಗಿ ಮೂರರವರೆಗೆ ಸ್ಕ್ಯಾನ್ ತಿಳಿ, ನಾಲ್ಕರಿಂದ ಮೇಲೆ ಅಲ್ಲ; ಹಾಗಾಗಿ ಮೂರಕ್ಕೂ ನಾಲ್ಕಕ್ಕೂ ನಡುವಿನ ಗೆರೆಯಲ್ಲೇ ನನ್ನ ಹೆಚ್ಚಿನ ಸಮಯ ಹೋಗುತ್ತದೆ.

ಮನೆಯವರಿಗೆ ಅರ್ಥ ಮಾಡಿಸಲು ಕಷ್ಟವಾಗುವ ವಿಷಯ ಒಂದಿದೆ. ಕಾಲೇಜು ಓದುವ ಹುಡುಗಿ, ಎದೆಯಲ್ಲಿ ದೊಡ್ಡ ಗೆಡ್ಡೆ. ಎರಡು ಸೈಕಲ್ ಆದ ಮೇಲೂ ಸಿಟಿ ಚಿತ್ರದಲ್ಲಿ ಗೆಡ್ಡೆ ಎದ್ದು ಕಾಣುತ್ತದೆ. ಪೆಟ್‌ನಲ್ಲಿ ಮಾತ್ರ ಅದರ ಹೊಳಪು ಎದೆಯ ರಕ್ತನಾಳವನ್ನೂ ದಾಟಿಲ್ಲ, ಅಂಕ 2. "ಇನ್ನೂ ಇದೆಯಲ್ಲ ಡಾಕ್ಟ್ರೇ?" ಎಂದು ಅಪ್ಪ ಕೇಳುತ್ತಾರೆ. "ಗೆಡ್ಡೆ ಇದೆ ಯಜಮಾನ್ರೇ, ಅದರಲ್ಲಿ ಜೀವ ಇಲ್ಲ" ಎನ್ನುತ್ತೇನೆ. ಹಾಡ್ಜ್‌ಕಿನ್ ಗೆಡ್ಡೆಯಲ್ಲಿ ನಿಜವಾದ ಕ್ಯಾನ್ಸರ್ ಕಣಗಳು ತೀರಾ ಕಡಿಮೆ. ಉಳಿದದ್ದೆಲ್ಲ ಅವು ಸುತ್ತ ಸೇರಿಸಿಕೊಂಡ ಉರಿಯೂತದ ಕಣಗಳು ಮತ್ತು ನಾರು. ಕ್ಯಾನ್ಸರ್ ಕಣ ಸತ್ತರೆ ಸುತ್ತಲಿನ ಗಲಾಟೆಯೂ ಬೇಗ ನಿಲ್ಲುತ್ತದೆ, ನಾರು ಮಾತ್ರ ಉಳಿಯುತ್ತದೆ. ಅದಕ್ಕೇ ಈ ಕಾಯಿಲೆಯಲ್ಲಿ ಅರ್ಧದಾರಿಯ ಸ್ಕ್ಯಾನ್ ಇಷ್ಟು ಚೆನ್ನಾಗಿ ಮಾತಾಡುತ್ತದೆ.

ಆದರೆ ಚಿತ್ರ ಸರಿಯಾಗಿ ಬರಬೇಕಲ್ವಾ? ಎಫ್‌ಡಿಜಿ ಅಂದರೆ ವಿಕಿರಣ ಸೂಸುವ ಸಕ್ಕರೆ. ಅದರ ಶಕ್ತಿ 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಕಾಯಲು ಹೆಚ್ಚು ಪುರುಸೊತ್ತಿಲ್ಲ. 6 ಗಂಟೆ ಉಪವಾಸ ಎಂದು ಹೇಳಿರುತ್ತೇವೆ. "ಅರ್ಧ ಲೋಟ ಕಾಫಿ ಅಷ್ಟೇ ಕುಡಿದೆ" ಎಂದು ಬರುವವರು ಇದ್ದೇ ಇರುತ್ತಾರೆ. ಸಕ್ಕರೆ ಹಾಕಿದ ಕಾಫಿ ಕುಡಿದರೆ ಇನ್ಸುಲಿನ್ ಏರಿ ಎಫ್‌ಡಿಜಿ ಎಲ್ಲ ಸ್ನಾಯುಗಳಿಗೆ ಹೋಗುತ್ತದೆ, ಗಂಟು ಮಂಕಾಗಿ ಕಾಣುತ್ತದೆ. ಅಂಥವರನ್ನು ಕಾಯಿಸುತ್ತೇನೆ, ಇಲ್ಲವೇ ಇನ್ನೊಂದು ದಿನ ಕರೆಸುತ್ತೇನೆ. ಏಸಿ ಕೋಣೆಯಲ್ಲಿ ಚಳಿಯಾದರೆ ಕುತ್ತಿಗೆಯ ಕಂದು ಕೊಬ್ಬು ಹೊಳೆಯುತ್ತದೆ, ಅದಕ್ಕೆ ಇಂಜೆಕ್ಷನ್‌ಗೆ ಮೊದಲೇ ಕಂಬಳಿ ಹೊದಿಸುತ್ತೇವೆ. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಯಾವಾಗ ತಗೊಂಡರು ಎಂದು ತಪ್ಪದೆ ಕೇಳುತ್ತೇನೆ. ಅದು ಇತ್ತೀಚಿನದಾದರೆ ಬೆನ್ನುಮೂಳೆ ಪೂರ್ತಿ ಬೆಳಗಿರುತ್ತದೆ. ಸ್ಕ್ಯಾನ್‌ನ ದಿನವನ್ನೂ ಮುಂದಿನ ಕೀಮೋಗೆ ಆದಷ್ಟು ಹತ್ತಿರ ಇಡುತ್ತೇವೆ. ಕೀಮೋ ಆದ ಕೂಡಲೇ ಮಾಡಿದರೆ ಅದರ ಉರಿಯೇ ಕಾಯಿಲೆಯ ಹಾಗೆ ಕಾಣುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆಲ್ಲ ಟಿಬಿ ಬೇರೆ ಸೇರಿಕೊಳ್ಳುತ್ತದೆ. ಹಳೆಯ ಗಂಟುಗಳೆಲ್ಲ ಆರಿಹೋಗಿವೆ, ಶ್ವಾಸಕೋಶದ ಬುಡದಲ್ಲಿ ಮೊದಲು ಇಲ್ಲದ ಒಂದು ಗಂಟು ಹೊಳೆಯುತ್ತಿದೆ ಎಂದುಕೊಳ್ಳಿ. ಪುಸ್ತಕದ ಪ್ರಕಾರ ಅದಕ್ಕೆ 5 ಕೊಟ್ಟುಬಿಡಬಹುದು. ನನಗೆ ಅದು ಒಪ್ಪುವುದಿಲ್ಲ. ಕೀಮೋಗೆ ಬಗ್ಗಿದ ಕಾಯಿಲೆ ಒಂದೇ ಮೂಲೆಯಲ್ಲಿ ಹೊಸದಾಗಿ ಏಳುವುದು ಅಪರೂಪ. ಕೀಮೋದಿಂದ ಶಕ್ತಿ ಕುಂದಿದ ಮೈಯಲ್ಲಿ ಟಿಬಿ ಏಳುವುದು ಅಪರೂಪವೇನಲ್ಲ. ಜ್ವರ, ಕೆಮ್ಮು ಇದೆಯಾ ಕೇಳುತ್ತೇನೆ, ಬಯಾಪ್ಸಿ ಮಾಡಿಸಿ ಎಂದು ಬರೆಯುತ್ತೇನೆ. ಸುಮ್ನೆ ಚಿತ್ರ ನಂಬಿ ಕೀಮೋ ಜೋರು ಮಾಡಿದರೆ ಅಂಥ ರೋಗಿಗೆ ಎರಡು ಪಟ್ಟು ಹಾನಿ.

ಸ್ಕ್ಯಾನ್ ತಿಳಿಯಾಗಿ ಬಂದರೆ ಔಷಧಿ ಇಳಿಸುವ ದಾರಿಯೂ ತೆರೆಯುತ್ತದೆ. ಇದು ನನಗೆ ತುಂಬಾ ಖುಷಿ ಕೊಡುವ ಭಾಗ. ಎಬಿವಿಡಿಯಲ್ಲಿರುವ ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಕೆಟ್ಟದ್ದು. 2016ರಲ್ಲಿ ಪ್ರಕಟವಾದ ರಾಥಲ್ ಅಧ್ಯಯನದಲ್ಲಿ, ಎರಡು ಸೈಕಲ್ ನಂತರ ಸ್ಕ್ಯಾನ್ ತಿಳಿಯಾಗಿದ್ದವರ ಒಂದು ಗುಂಪಿಗೆ ಅದನ್ನು ನಿಲ್ಲಿಸಿದರು. ಮೂರು ವರ್ಷ ಕಾಯಿಲೆ ಹೆಚ್ಚಾಗದೆ ಇದ್ದವರು ಮುಂದುವರಿಸಿದ ಗುಂಪಿನಲ್ಲಿ ನೂರಕ್ಕೆ 85.7, ನಿಲ್ಲಿಸಿದ ಗುಂಪಿನಲ್ಲಿ 84.4. ಶ್ವಾಸಕೋಶದ ತೊಂದರೆ ಕಡಿಮೆಯಾಯಿತು. ಸ್ಕ್ಯಾನ್ ತಿಳಿಯಾಗದವರಿಗೆ ಜೋರಾದ ಕೀಮೋ ಕೊಟ್ಟಾಗ ಅವರಲ್ಲೂ ನೂರಕ್ಕೆ 67.5 ಜನ ಮೂರು ವರ್ಷ ಹಾಗೇ ಇದ್ದರು.

ಇನ್ನೊಂದು ಬಗೆಯಾದ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾದಲ್ಲಿ ಇಷ್ಟು ಧೈರ್ಯ ನನಗಿಲ್ಲ. ಅಲ್ಲಿಯೂ ಸ್ಕ್ಯಾನ್ ಭವಿಷ್ಯ ಹೇಳುತ್ತದೆ. ಆದರೆ ಜರ್ಮನಿಯ ಪೆಟಲ್ ಅಧ್ಯಯನದಲ್ಲಿ, ಸ್ಕ್ಯಾನ್ ಸರಿಯಿಲ್ಲದವರಿಗೆ ಚಿಕಿತ್ಸೆ ಬದಲಿಸಿ ಜೋರು ಮಾಡಿದರೂ ಲಾಭ ಆಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು. ಅದಕ್ಕೇ ಇವರ ರಿಪೋರ್ಟ್‌ನಲ್ಲಿ ಅಂಕದ ಜೊತೆ, ಮೊದಲ ಸ್ಕ್ಯಾನ್‌ಗಿಂತ ಹೊಳಪು ಎಷ್ಟು ಪರ್ಸೆಂಟ್ ಇಳಿದಿದೆ ಎಂದೂ ಬರೆಯುತ್ತೇನೆ. ಎರಡು ಸೈಕಲ್ ನಂತರ 66ಕ್ಕಿಂತ ಜಾಸ್ತಿ ಇಳಿದಿದ್ದರೆ ಒಳ್ಳೆಯ ಲಕ್ಷಣ. ಇಳಿಯದಿದ್ದರೆ ರಿಪೋರ್ಟ್ ಕೌಂಟರ್‌ಗೆ ಹೋಗುವ ಮೊದಲೇ ಆಂಕಾಲಜಿಸ್ಟ್‌ಗೆ ಫೋನ್ ಮಾಡುತ್ತೇನೆ. ಆ ಅಂಕದ ಅರ್ಥ ರೋಗಿಗೆ ಮೊದಲು ಅವರ ಬಾಯಿಂದಲೇ ತಿಳಿಯಬೇಕು.