ಹಳೇ ಸಿಮೆಂಟ್ ಶೀಟ್ ಬಿಚ್ಚುವ ಮುಂಚೆ ಸೋಪಿನ ನೀರು ಹೊಡೆಯಿರಿ

ಹುಬ್ಬಳ್ಳಿ-ಧಾರವಾಡದ ಹೌಸಿಂಗ್ ಬೋರ್ಡ್ ಮನೆ, ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಚಾವಣಿಯ ಹಳೇ ಸಿಮೆಂಟ್ ಶೀಟ್ ತೆಗೆಸುವವರು ಅದನ್ನು ಒಣಗಿದ್ದಾಗ ಮುಟ್ಟಲೇಬೇಡಿ. ಒಂದು ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ, ಸ್ಪ್ರೇ ಪಂಪಿನಿಂದ ಸಣ್ಣಗೆ ಸಿಂಪಡಿಸಿ. ಹುಕ್ಕಿನ ನಟ್ ಸುತ್ತ ಜಾಸ್ತಿ ನೆನೆಸಿ. ಆಮೇಲೆ ನಟ್ ಬಿಚ್ಚಿ ಶೀಟನ್ನು ಇಡಿಯಾಗಿ ಇಳಿಸಿ, ಸುತ್ತಿಗೆಯಿಂದ ಒಡೆಯಬೇಡಿ. ಪಂಪು ಹೊಸದಿರಲಿ, ಹೊಲಕ್ಕೆ ಔಷಧಿ ಹೊಡೆದದ್ದು ಬೇಡ. ಹಳೇ ಶೀಟ್‌ಗಳಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜ ಇರುತ್ತದೆ. ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಉಸಿರಲ್ಲಿ ಒಳಗೆ ಹೋದರೆ 20-30 ವರ್ಷ ಆದ ಮೇಲೂ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಒದ್ದೆಯಾದ ಎಳೆ ಅಷ್ಟಾಗಿ ಹಾರುವುದಿಲ್ಲ, ಸೋಪು ಇದ್ದರೆ ನೀರು ಜಾರಿ ಹೋಗದೆ ಒಳಗೆ ಇಳಿಯುತ್ತದೆ. ಆಷಾಢದ ಗಾಳಿಗೆ ಬೇಗ ಒಣಗುತ್ತದೆ, ಆಗಾಗ ಮತ್ತೆ ಸಿಂಪಡಿಸಬೇಕು. ಶೀಟ್ ಪುಡಿಪುಡಿಯಾಗಿ ಉದುರುತ್ತಿದ್ದರೆ ಇದು ಸಾಲದು, ಸಂಬಂಧಪಟ್ಟ ಇಂಜಿನಿಯರ್ ಕಚೇರಿಗೆ ತಿಳಿಸಿ ತರಬೇತಿ ಇದ್ದವರಿಂದಲೇ ಮಾಡಿಸಿ. ಸರ್ಕಾರಿ ಮನೆ ಅಂದ ಮೇಲೆ ಹೇಗೂ ಮೊದಲು ಅವರನ್ನು ಕೇಳಲೇಬೇಕು, ಅಲ್ವಾ? ಕರೆಂಟ್ ಮೇನ್ ಆಫ್ ಮಾಡದೆ ನೀರು ಹೊಡೆಯಬೇಡಿ. ಶೀಟ್ ಮೇಲೆ ಯಾರೂ ಕಾಲಿಡಬಾರದು, ಹಳೇದು ಒಮ್ಮೆಲೇ ಮುರಿಯುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಈ ಎಳೆ ತಡೆಯುವುದಿಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಒಳ್ಳೆಯ ಫಿಲ್ಟರ್ ಮಾಸ್ಕ್ ಬೇಕು. ಮಕ್ಕಳನ್ನು ದೂರ ಕಳಿಸಿ. ಬಿದ್ದ ಚೂರನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆ ಬಟ್ಟೆ, ಚೂರು, ಶೀಟ್ ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪ್ ಹಚ್ಚಿ. ಕಸದ ಗಾಡಿಗೆ ಹಾಕಬೇಡಿ, ಎಲ್ಲಿಗೆ ಕೊಡಬೇಕೆಂದು ಪಾಲಿಕೆಯವರನ್ನು ಕೇಳಿ.