ಕುದುರೆಗಿಂತ ಮೊದಲು ಬಣವಿ

ಮುಪ್ಪಾದ, ಕೈಬಿಟ್ಟ ಕುದುರೆಗಳಿಗೆ ರಕ್ಷಣಾ ಲಾಯ ಶುರು ಮಾಡಬೇಕು ಅಂತ ಕೇಳಿಕೊಂಡು ಬಂದವರಿಗೆ ನಾವು ಮೊದಲು ಬಣವಿ ತೋರಿಸುತ್ತೇವೆ, ಕುದುರೆ ಆಮೇಲೆ. ಟಾಂಗಾ ಎಳೆದೋ ಮದುವೆ ಮೆರವಣಿಗೆಯಲ್ಲಿ ಕುಣಿದೋ ಮುಪ್ಪಾಗಿ ಬರುವ ನಮ್ಮ ಕಡೆಯ ಕುದುರೆಗಳು ಹೆಚ್ಚಾಗಿ 250ರಿಂದ 350 ಕಿಲೋ ತೂಗುತ್ತವೆ. ದಿನಕ್ಕೆ ಮೈತೂಕದ ನೂರಕ್ಕೆ 2ರಷ್ಟು ಒಣಮೇವು ಹಿಡಿದರೆ 300 ಕಿಲೋ ಕುದುರೆಗೆ 6 ಕಿಲೋ, ವರ್ಷಕ್ಕೆ 2,190 ಕಿಲೋ. ತುಳಿದದ್ದು, ತೊಯ್ದು ಕೊಳೆತದ್ದು ಸೇರಿಸಿದರೆ ಎರಡೂವರೆ ಟನ್. ಆರು ಕುದುರೆಗೆ 15 ಟನ್. ಕಲಘಟಗಿ, ಅಳ್ನಾವರ ಕಡೆಯ ಕರಡವನ್ನು ಮಳೆ ನಿಂತು ಹುಲ್ಲು ಒಣಗಿದ ಕೂಡಲೇ ತುಂಬಿಸಿಕೊಳ್ಳಬೇಕು. ಜೋಳದ ಕಣಕಿಯನ್ನು ಹಿಂಗಾರಿ ರಾಶಿ ಆಗುವ ಫೆಬ್ರವರಿ–ಮಾರ್ಚ್‌ನಲ್ಲೇ ಕೊಳ್ಳಬೇಕು. ಜೂನ್‌ನಲ್ಲಿ ಮೇವು ಹುಡುಕಿಕೊಂಡು ಹೋದವರು ಹೇಳಿದ ರೇಟಿಗೆ ತಲೆಬಾಗಬೇಕಾಗುತ್ತದೆ. ಬಣವಿ ಎಷ್ಟು ಕುದುರೆಗೆ ಸಾಕೋ ಅದಕ್ಕಿಂತ ಒಂದು ಕಡಿಮೆ ಕುದುರೆ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಇನ್ನೊಂದು ಕುದುರೆ ಬಂದಿದೆ ಅಂತ ರಾತ್ರಿ ಹತ್ತಕ್ಕೆ ಫೋನ್ ಬಂದಾಗ ಆ ಒಂದು ಜಾಗ ಬೇಕು.

ಜಾಗದ ವಿಷಯ. ಹುಬ್ಬಳ್ಳಿಯಿಂದ ಮೂಡಣಕ್ಕೆ, ನವಲಗುಂದ–ಗದಗದ ಕಡೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದರ ಮೇಲೆ ನೇರ ಕಟ್ಟಿದ ನೆಲ ಎರಡೇ ವರ್ಷಕ್ಕೆ ಒಡೆಯುತ್ತದೆ, ಕುದುರೆಯ ಗೊರಸು ಕೆಸರಲ್ಲೇ ಕೊಳೆಯುತ್ತದೆ. ಧಾರವಾಡದ ಪಡುವಣದ ಮಸಾರಿ (ಕೆಂಪು ಮಣ್ಣು) ಸಿಕ್ಕರೆ ಅರ್ಧ ಖರ್ಚು ಉಳಿಯಿತು. ಎರಿಯೇ ಗತಿ ಅಂದರೆ ಎರಡು ಅಡಿ ಮಣ್ಣು ತೆಗೆಸಿ, ಕೆಳಗೆ ದಪ್ಪ ಕಲ್ಲು, ಮೇಲೆ ಗರಸು ತುಂಬಿ, ಆರಾರು ಇಂಚಿಗೊಮ್ಮೆ ನೀರು ಹೊಡೆದು ದಮ್ಮಸು ಮಾಡಿಸಿ, ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ತನ್ನಿ. ದನದ ಕೊಟ್ಟಿಗೆಗೆ ಹಾಕುವ ಶಹಾಬಾದ್ ಫರಸಿ ಇಲ್ಲಿ ಬೇಡ. ಉಚ್ಚೆ ಬಿದ್ದ ಫರಸಿ ಮೇಲೆ ಲಾಳದ ಕಾಲು ಜಾರಿದರೆ ಸೊಂಟ ಮುರಿಯುತ್ತದೆ. ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲ. ಸಣ್ಣ ತಟ್ಟುವಿಗೆ 10ಕ್ಕೆ 10 ನಡೆಯುತ್ತದೆ. ತಗಡು ಹಾಕುವುದಾದರೆ 12 ಅಡಿ ಎತ್ತರಕ್ಕೆ. ಮಳೆ ಬಡಿಯುವ ಪಡುವಣಕ್ಕೆ ಗೋಡೆ, ಮೂಡಣಕ್ಕೆ ತೆರಪು. ಬೇಲಿಗೆ ಮುಳ್ಳುತಂತಿ ಹಾಕಲೇಬೇಡಿ. ಬೆದರಿದ ಕುದುರೆ ಅದನ್ನು ನೋಡದೆ ನುಗ್ಗುತ್ತದೆ, ಎದೆ ಹರಿದುಕೊಳ್ಳುತ್ತದೆ. ಬೇಲಿಗುಂಟ ಕಣಗಿಲೆ, ಔಡಲ ಇದ್ದರೆ ಬುಡಸಮೇತ ಕಿತ್ತು ದೂರದಲ್ಲಿ ಹೂಳಿ, ಎರಡೂ ವಿಷ. ಸುಬಾಬುಲ್ ಸೊಪ್ಪು ತಿಂದರೆ ಜೂಲು, ಬಾಲದ ಕೂದಲು ಉದುರುತ್ತದೆ.

ಲಾಯದಿಂದ ನೂರು ಅಡಿ ದೂರ, ಗಾಳಿ ಬೀಸುವ ಕೆಳದಿಕ್ಕಿಗೆ ಒಂದು ಒಂಟಿ ಕೋಣೆ ಇರಲೇಬೇಕು. ಹೊಸ ಕುದುರೆ ಅಲ್ಲಿ ಒಂದು ತಿಂಗಳು. ಬಕೆಟ್, ಬ್ರಷ್, ಹಗ್ಗ ಎಲ್ಲ ಬೇರೆ. ಕೆಲಸದವರು ಅದನ್ನು ಕೊನೆಗೆ ನೋಡಿ, ಕೈಕಾಲು ತೊಳೆದು ಮನೆಗೆ. ಇಷ್ಟೆಲ್ಲ ಗ್ಲ್ಯಾಂಡರ್ಸ್ ಹೆದರಿಕೆಗೆ. ಮೂಗಿನಿಂದ ಅಂಟಂಟಾದ ಗಟ್ಟಿ ಸಿಂಬಳ, ಕಾಲಿಗುಂಟ ಸಾಲುಗಟ್ಟಿದ ಗಂಟುಗಳು ಒಡೆದು ಕೀವು ಕಂಡರೆ ಮುಟ್ಟದೆ ಪಶುವೈದ್ಯರಿಗೆ ಹೇಳಿ. ಇದು ಮನುಷ್ಯರಿಗೂ ಹತ್ತುವ ರೋಗ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ರಕ್ತದ ಮಾದರಿ ಇಲಾಖೆಯ ಮೂಲಕ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ಪಾಸಿಟಿವ್ ಬಂದರೆ ಚಿಕಿತ್ಸೆ ಇಲ್ಲ, ಕುದುರೆಯನ್ನು ನೋವಿಲ್ಲದೆ ಕೊಲ್ಲಬೇಕು. ವರದಿ ಬರುವ ತನಕ ಯಾವ ದಾನಿಯನ್ನೂ ಮಕ್ಕಳನ್ನೂ ಆ ಕೋಣೆಯ ಹತ್ತಿರ ಬಿಡುವುದಿಲ್ಲ, ಫೋಟೋಕ್ಕೂ ಇಲ್ಲ.

ಇನ್ನು ಮೊದಲ ಹತ್ತು ದಿನದ ಮೇವು. ಪ್ರೀತಿ ಇರುವವರೇ ಹೆಚ್ಚು ಕುದುರೆ ಕೊಲ್ಲುವುದು ಇಲ್ಲಿ.

ಎಲುಬು ಕಾಣುವ ಕುದುರೆ ಕಂಡರೆ ಯಾರಿಗಾದರೂ ಕರುಳು ಚುರುಕ್ ಅನ್ನುತ್ತದೆ. ಬೇಯಿಸಿದ ಹುರುಳಿ, ಬೆಲ್ಲ, ರೊಟ್ಟಿ ತಂದು ಸುರಿಯುತ್ತಾರೆ. ಕುದುರೆ ತಿನ್ನುತ್ತದೆ, ಎರಡು ದಿನ ಗೆಲುವಾಗಿಯೂ ಕಾಣುತ್ತದೆ, ಮೂರರಿಂದ ಐದನೆಯ ದಿನದೊಳಗೆ ಕುಸಿಯುತ್ತದೆ. ತಿಂಗಳುಗಟ್ಟಲೆ ಉಪವಾಸವಿದ್ದ ಮೈಗೆ ಒಮ್ಮೆಲೆ ಪಿಷ್ಟ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರುತ್ತದೆ. ಅದು ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಜೀವಕೋಶದೊಳಗೆ ಎಳೆದುಕೊಳ್ಳುತ್ತದೆ. ಹೃದಯ, ಉಸಿರಾಟ ನಿಲ್ಲುತ್ತವೆ. ಅದಕ್ಕೇ ಮೊದಲ ದಿನಗಳಲ್ಲಿ ಕಾಳು, ತೌಡು, ಬೆಲ್ಲ ಏನೂ ಇಲ್ಲ. ಒಣಗಿಸಿದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಮಾತ್ರ. ಅದರಲ್ಲಿ ಪಿಷ್ಟ ಕಡಿಮೆ, ಪ್ರೋಟೀನು, ಖನಿಜ ಜಾಸ್ತಿ.

ಅಳತೆಗೆ ಮೊದಲು ತೂಕ ಗೊತ್ತಿರಬೇಕು. ಟೇಲರ್ ಟೇಪಿನಿಂದ ಮುಂಗಾಲ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಮತ್ತೆ ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಸುತ್ತಳತೆ 150, ಉದ್ದ 145 ಇದ್ದರೆ 275 ಕಿಲೋ. ಇಂಥ ಕುದುರೆಗೆ ಮೊದಲ ಮೂರು ದಿನ ನಾಲ್ಕು ತಾಸಿಗೊಮ್ಮೆ 280 ಗ್ರಾಂನಂತೆ ಆರು ಸಲ. ಇಡೀ ದಿನಕ್ಕೆ 1.7 ಕಿಲೋ ಅಷ್ಟೆ. ರಾತ್ರಿ ಎರಡು ಗಂಟೆಯ ಪಾಳಿಯೂ ಇದರಲ್ಲಿ ಸೇರಿದೆ, ಅದನ್ನು ಬಿಟ್ಟು ಬೆಳಗ್ಗೆ ಎರಡು ಪಟ್ಟು ಹಾಕುವಂತಿಲ್ಲ. ನಾಲ್ಕು, ಐದನೆಯ ದಿನ ಸ್ವಲ್ಪ ಸ್ವಲ್ಪ ಏರಿಸುತ್ತ, ಆರನೆಯ ದಿನಕ್ಕೆ ಎಂಟು ತಾಸಿಗೊಮ್ಮೆ 1.2 ಕಿಲೋ. ಅಲ್ಲಿಂದ ಮುಂದೆ ನಿಧಾನಕ್ಕೆ ಏರಿಸುತ್ತ, ಕರಡ ಬೆರೆಸುತ್ತ, ಹತ್ತು ದಿನ ದಾಟಿದ ಮೇಲೆ ತಿಂದಷ್ಟು. ನೀರು ಮಾತ್ರ ಯಾವಾಗಲೂ ಮುಂದೆ ಇರಬೇಕು, ಪಕ್ಕದಲ್ಲಿ ಕಲ್ಲುಪ್ಪಿನ ಗಡ್ಡೆ. ಪೂರ್ತಿ ಮೈ ತುಂಬಿಕೊಳ್ಳಲು ಆರರಿಂದ ಹತ್ತು ತಿಂಗಳು ಹಿಡಿಯುತ್ತದೆ. ದಾನಿಗಳಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಮಸಾಲೆ ಸೊಪ್ಪು ಒಣಗಿಸುವುದರಲ್ಲೂ ಒಂದು ಹದ ಇದೆ. ಸತ್ವವೆಲ್ಲ ಎಲೆಯಲ್ಲಿ. ಮಟಮಟ ಮಧ್ಯಾಹ್ನ ಮಗುಚಿದರೆ ಎಲೆ ಉದುರಿ ಕಡ್ಡಿ ಮಾತ್ರ ಕೈಗೆ ಬರುತ್ತದೆ. ಬೆಳಗಿನ ತೇವ ಆರುವ ಮುಂಚೆ ಮಗುಚಿ, ಎರಡನೆಯ ದಿನ ನೆರಳಿಗೆ ಎಳೆದುಕೊಳ್ಳಿ.

ಚೇತರಿಸಿಕೊಂಡ ಮೇಲಿನ ತಪ್ಪುಗಳು ಬೇರೆ, ಹೆಚ್ಚಿನವು ದನದ ಲೆಕ್ಕವನ್ನು ಕುದುರೆಗೆ ಹಚ್ಚುವುದರಿಂದ ಆಗುವಂಥವು. ನೇಪಿಯರ್ ಹುಲ್ಲು ಎಮ್ಮೆಗೆ ಒಳ್ಳೆಯದು. ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದ ತಳಿ ಹಚ್ಚಿದ ರೈತರು ಪುಕ್ಕಟೆಯಾಗಿಯೂ ಕೊಡುತ್ತಾರೆ. ಆದರೆ ಅದರಲ್ಲಿನ ಆಕ್ಸಲೇಟು ಕುದುರೆಯ ಹೊಟ್ಟೆಯಲ್ಲಿ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ದಿನಾ ಗೋಧಿ ತೌಡು ಬಿದ್ದರೆ ಮುಗಿಯಿತು: ತೌಡಿನಲ್ಲಿ ರಂಜಕ ವಿಪರೀತ, ಸುಣ್ಣ ಇಲ್ಲವೆಂಬಷ್ಟು ಕಡಿಮೆ. ಮೈ ತನ್ನ ಎಲುಬಿನಿಂದಲೇ ಸುಣ್ಣ ಕೀಳುತ್ತದೆ. ಮೊದಲು ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುತ್ತದೆ, ಆಮೇಲೆ ಮುಖದ ಎಲುಬು ಊದುತ್ತದೆ. ನೇಪಿಯರನ್ನು ಒಟ್ಟು ಮೇವಿನ ಕಾಲುಭಾಗ ದಾಟಿಸಬೇಡಿ. ಒಂದು ಕಿಲೋ ತೌಡಿಗೆ ಮೇವಿನ ದರ್ಜೆಯ ಸುಣ್ಣದಕಲ್ಲಿನ ಪುಡಿ 40 ಗ್ರಾಂ ಕಲಸಿ.

ಹಸಿ ಜೋಳ, ಕೂಳೆ ಜೋಳ ಬೇಡವೇ ಬೇಡ. ಅದನ್ನು ವಾರಗಟ್ಟಲೆ ಮೇಯ್ದ ಕುದುರೆ ಹಿಂಗಾಲು ತೂರಾಡುತ್ತ, ಉಚ್ಚೆ ತಡೆಯಲಾರದೆ ಸೋರುತ್ತ ನಿಲ್ಲುತ್ತದೆ, ಬಹಳ ಸಲ ಅದು ವಾಸಿಯಾಗುವುದಿಲ್ಲ. ಚೆನ್ನಾಗಿ ಒಣಗಿದ ಕಣಕಿ ನಡೆಯುತ್ತದೆ, ಕತ್ತರಿಸಿ ಸ್ವಲ್ಪ ಸ್ವಲ್ಪ. ಹಾವೇರಿ, ರಾಣೆಬೆನ್ನೂರು ಕಡೆ ಮಳೆಗೆ ಸಿಕ್ಕಿ ಬೂಸು ಹಿಡಿದ ಗೋವಿನಜೋಳ (ಮೆಕ್ಕೆಜೋಳ) ಅಗ್ಗಕ್ಕೆ ಬರುತ್ತದೆ. ಆ ಬೂಸಿನ ವಿಷ ಕುದುರೆಯ ಮಿದುಳನ್ನೇ ಕರಗಿಸುತ್ತದೆ. ದನ ತಿಂದು ದಕ್ಕಿಸಿಕೊಂಡದ್ದು ಪುರಾವೆಯಲ್ಲ. ಕೋಳಿ ಮೇವಿಗೂ, ಕೆಲವು ದನದ ಮೇವಿಗೂ ಹಾಕುವ ಮೊನೆನ್ಸಿನ್ ಎಂಬ ಔಷಧ ಕುದುರೆಗೆ ಹೃದಯಘಾತಕ. ಲೇಬಲ್ ಓದದೆ ಒಂದು ಚೀಲವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ದಾನವಾಗಿ ಬಂದರೂ.

ಜಂತಿನ ಔಷಧವನ್ನು ಬಂದ ದಿನವೇ ಕುಡಿಸಬೇಡಿ. ಲದ್ದಿ ಪರೀಕ್ಷೆ ಮಾಡಿಸಿ, ಎರಡು ವಾರ ಮೇವು ಹಿಡಿದ ಮೇಲೆ ಡಾಕ್ಟರು ಹೇಳಿದ ಅಳತೆಯಲ್ಲಿ ಕೊಡಿ. ಧನುರ್ವಾಯು ಚುಚ್ಚುಮದ್ದು ಮಾತ್ರ ಬಂದ ವಾರವೇ, ನಾಲ್ಕು ವಾರಕ್ಕೆ ಇನ್ನೊಂದು. ಚೆನ್ನಾಗಿ ತಿನ್ನುತ್ತಿದ್ದೂ ಸೊರಗುತ್ತಿದ್ದರೆ, ಬಿಟ್ಟು ಬಿಟ್ಟು ಜ್ವರ ಬಂದು ಕೆಳಹೊಟ್ಟೆ, ಕಾಲು ಊದಿದರೆ ಸರ್ರಾ ಇರಬಹುದು. ಮಳೆಗಾಲದ ನೊಣಗಳಿಂದ ಬರುವ ರೋಗವಿದು. ರಕ್ತದ ಸ್ಮಿಯರನ್ನು ಜ್ವರ ಏರಿದ ಹೊತ್ತಿಗೇ ತೆಗೆಸಬೇಕು, ಇಳಿದಾಗ ತೆಗೆದರೆ ರೋಗಾಣು ಕಾಣದೇ ಹೋಗಬಹುದು. ಉಷ್ಣತೆ 101.5 ಫ್ಯಾರನ್‌ಹೀಟ್ ಒಳಗೆ, ನಾಡಿ ನಿಮಿಷಕ್ಕೆ 28ರಿಂದ 44, ಇದು ಸರಿಯಾದ ಲೆಕ್ಕ. ನಾಡಿ 60 ದಾಟಿ, ಕುದುರೆ ಹೊಟ್ಟೆಯ ಕಡೆ ತಿರುತಿರುಗಿ ನೋಡುತ್ತ ಕಾಲು ಕೆದರುತ್ತಿದ್ದರೆ ಹೊಟ್ಟೆಶೂಲೆ. ಮೇವು ತೆಗೆದು ಡಾಕ್ಟರಿಗೆ ಫೋನ್ ಮಾಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಬಾಟಲಿಯಿಂದ ಎಣ್ಣೆ ಹೊಯ್ದರೆ ಪುಪ್ಪುಸಕ್ಕೆ ಹೋಗುತ್ತದೆ.

ಲಾಳ ಹೊಡೆಯುವ ನಾಲಬಂದರು ಇನ್ನೂ ಸಂತೆಯಲ್ಲಿ ಸಿಗುತ್ತಾರೆ, ಆದರೆ ಈಗ ಕೈ ಪಳಗಿರುವುದು ಎತ್ತಿನ ಮೇಲೆ. ಎತ್ತನ್ನು ಕೆಡವಿ ಲಾಳ ಹೊಡೆಯುತ್ತಾರೆ, ಕುದುರೆಯನ್ನು ನಿಲ್ಲಿಸಿಯೇ ಹೊಡೆಯಬೇಕು. ಮೊಳೆ ಗೊರಸಿನ ತಳದಲ್ಲಿ ಕಾಣುವ ಬಿಳಿಗೆರೆಯ ಹೊರಗೇ ಹೊಕ್ಕು, ಲಾಳದಿಂದ ಮುಕ್ಕಾಲು ಇಂಚು ಮೇಲೆ ಹೊರಬರಬೇಕು. ಒಳಗೆ ಹೋದರೆ ಮಾರನೆಯ ದಿನ ಗೊರಸು ಬಿಸಿ, ಕುದುರೆ ಮೂರು ಕಾಲಲ್ಲಿ. ದುಡಿಯದ ಕುದುರೆಗೆ ನಾವು ಲಾಳ ಹಾಕುವುದಿಲ್ಲ, ಆರೆಂಟು ವಾರಕ್ಕೊಮ್ಮೆ ಗೊರಸು ಹೆರೆಯುತ್ತೇವೆ. ಚಪ್ಪಲಿಯಂತೆ ಬೆಳೆದ ಗೊರಸನ್ನು ಒಂದೇ ಸಲ ಕತ್ತರಿಸಿದರೆ ನರ ಹಿಡಿಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಮೆರವಣಿಗೆ ಕುದುರೆಯಾದರೆ ಬಾಯಿ ತೆರೆದು ನೋಡಿ. ಮುಳ್ಳಿನ ಕಡಿವಾಣ ಎಳೆಯುವ, ಹೊರುವ ಪ್ರಾಣಿಗಳ ಹಿಂಸೆ ತಡೆಯುವ 1965ರ ನಿಯಮದ ಪ್ರಕಾರ ನಿಷಿದ್ಧ, ಆದರೂ ತುಟಿಯ ಮೂಲೆಯಲ್ಲಿ ಗಾಯ ಇರುತ್ತದೆ.

ದುಡ್ಡು. ಸವಾರಿ ಕಲಿಸಿ ಲಾಯ ನಡೆಸುತ್ತೇವೆ ಅನ್ನುವವರು ಒಂದು ಗುಣಾಕಾರ ಮಾಡಲಿ. ಜೀನು ಸೇರಿ ಕುದುರೆಯ ಮೇಲಿನ ಭಾರ ಅದರ ತೂಕದ ಐದನೆಯ ಒಂದು ಭಾಗ ಮೀರಬಾರದು. 275 ಕಿಲೋ ಕುದುರೆಗೆ 55 ಕಿಲೋ. ಜೀನು ಏಳೆಂಟು ಕಿಲೋ ಕಳೆದರೆ ಉಳಿಯುವುದು ಶಾಲೆ ಮಕ್ಕಳು. ಅದೂ ಬಂದ ಕುದುರೆಗಳಲ್ಲಿ ಮತ್ತೆ ಸವಾರಿಗೆ ಒದಗುವವು ಕೆಲವೇ. ನಂಬಿಕೆಯ ಆದಾಯ ಬೇರೆಯವರ ಕುದುರೆ ಸಾಕಿಕೊಡುವುದರಲ್ಲಿದೆ. ಮೂರು ತಿಂಗಳ ಹಣ ಮುಂಗಡ ಹಿಡಿಯಿರಿ, ಕರಾರು ಬರೆಸಿಕೊಳ್ಳಿ. ಇಲ್ಲದಿದ್ದರೆ ಹಣ ನಿಂತು ಕುದುರೆ ನಿಮ್ಮಲ್ಲೇ ಉಳಿಯುತ್ತದೆ, ರಕ್ಷಣೆಯ ಕುದುರೆ ಇನ್ನೊಂದಾಯಿತು. ನಾಲ್ಕೈದು ಕುದುರೆಗೆ ಒಬ್ಬ ಕೆಲಸದವರು, ಅವರ ಸಂಬಳವನ್ನು ಬಾಡಿಗೆಯ ಲೆಕ್ಕದಲ್ಲಿ ಮರೆಯುವವರೇ ಹೆಚ್ಚು. ಲದ್ದಿಯನ್ನು ಮೂರ್ನಾಲ್ಕು ತಿಂಗಳು ಕೊಳೆಯಿಸಿ ಮಾರಿದರೆ ಹಾಸಿಗೆಗೆ ಹಾಕುವ ಭತ್ತದ ಹೊಟ್ಟಿನ ಖರ್ಚು ಹೊರಡುತ್ತದೆ. ದೇಣಿಗೆ ಟ್ರಸ್ಟಿನ ಖಾತೆಗೆ, ವ್ಯಾಪಾರ ಬೇರೆ ಖಾತೆಗೆ. ಎರಡೂ ಕಲೆತರೆ ತೆರಿಗೆ ವಿನಾಯಿತಿಗೆ ಕುತ್ತು.

ಪೊಲೀಸರು ಜಪ್ತು ಮಾಡಿ ತಂದುಬಿಟ್ಟ ಕುದುರೆ ನಿಮ್ಮದಲ್ಲ, ಅದು ಕೇಸಿನ ಮಾಲು. ತೀರ್ಪು ಬರುವ ತನಕ ಯಾರಿಗೂ ದತ್ತು ಕೊಡುವಂತಿಲ್ಲ. ಕೇಸಿನ ಪ್ರಾಣಿಗಳ ಪಾಲನೆಯ 2017ರ ನಿಯಮಗಳಲ್ಲಿ ಸಾಕುವ ಖರ್ಚನ್ನು ಮಾಲೀಕರ ಮೇಲೆ ಹಾಕಲು ದಾರಿಯಿದೆ, ಅದಕ್ಕಾಗಿ ಬಂದ ದಿನದ ಫೋಟೋ, ಡಾಕ್ಟರ ಸರ್ಟಿಫಿಕೇಟು, ಮೇವಿನ ರಸೀದಿ ತಾರೀಖಿನ ಸಮೇತ ಫೈಲಿನಲ್ಲಿ ಇರಬೇಕು.

ಕೆಲವು ಕುದುರೆ ಏಳುವುದಿಲ್ಲ. ಮೂರು ದಿನ ಮಲಗಿದ್ದಲ್ಲೇ ಇದ್ದರೆ ಡಾಕ್ಟರ ಜೊತೆ ಕೂತು ಕೊನೆಯ ಇಂಜೆಕ್ಷನ್ನಿನ ಮಾತು ಆಡಬೇಕು. ಹೂಳುವ ಜಾಗವನ್ನು ಮಾತ್ರ ಮೇ ತಿಂಗಳಲ್ಲೇ ಗುರುತು ಮಾಡಿಡಿ. ಬಾವಿ, ಹಳ್ಳದಿಂದ ದೂರ, ಎಂಟು ಒಂಬತ್ತು ಅಡಿ ಆಳ ಬರುವಂಥದ್ದು, ರಸ್ತೆಯ ಬದಿಗೆ. ಮಳೆ ಹಿಡಿದ ಮೇಲೆ ಎರಿ ಹೊಲಕ್ಕೆ ಜೆಸಿಬಿ ಇಳಿಯುವುದಿಲ್ಲ.