ವಿದೋವಿಚ್ ಅವರ ಕಡಲಚಿತ್ರಗಳನ್ನು ನೋಡುವ ಕ್ರಮ

ಕ್ರೊಯೇಷಿಯಾದ ಚಿತ್ರಕಾರ ಎಮಾನುಯೆಲ್ ವಿದೋವಿಚ್ (1870–1953) ಅವರ ಕಡಲಚಿತ್ರಗಳಲ್ಲಿ ಭೋರ್ಗರೆವ ಅಲೆಗಳನ್ನೋ ಬಿರುಗಾಳಿಗೆ ಸಿಕ್ಕ ಹಡಗನ್ನೋ ಹುಡುಕಹೊರಟವರಿಗೆ ನಿರಾಸೆ ಕಾದಿದೆ. ಅವರ ನೀರು ಬಹುಮಟ್ಟಿಗೆ ನಿಶ್ಚಲ. ಬದಲಾಗುತ್ತ ಹೋಗುವುದು ಅದರ ಮೇಲೆ ಬಿದ್ದ ಬೆಳಕು. ಈ ಬದಲಾವಣೆ ಒಂದೆರಡು ಚಿತ್ರಗಳಲ್ಲಿ ಗೋಚರಿಸದು. ಆದ್ದರಿಂದ ಸಿಕ್ಕ ಸಿಕ್ಕ ಚಿತ್ರ ನೋಡುವ ಬದಲು, ಅವುಗಳನ್ನು ರಚನೆಯ ವರ್ಷಕ್ಕೆ ತಕ್ಕಂತೆ ಜೋಡಿಸಿಕೊಂಡು ನೋಡಲು ತೊಡಗಿ.

ಆರಂಭಕ್ಕೆ 1890ರ ದಶಕದ ಚಿತ್ರಗಳನ್ನು ಆರಿಸಿಕೊಳ್ಳುವುದು ಒಳಿತು. ಏಡ್ರಿಯಾಟಿಕ್ ತೀರದ ಸ್ಪ್ಲಿಟ್ ನಗರದಲ್ಲಿ ಹುಟ್ಟಿದ ವಿದೋವಿಚ್ 1887ರಲ್ಲಿ ವೆನಿಸ್‌ನ ಕಲಾ ಅಕಾಡೆಮಿ ಸೇರಿದರೂ ಅಲ್ಲಿನ ಪಾಠಕ್ರಮ ಒಗ್ಗದೆ ಹೊರಬಂದರು. ವೆನಿಸ್ ಹಿನ್ನೀರಿನ ದಕ್ಷಿಣ ತುದಿಯಲ್ಲಿರುವ ಕಿಯೋಜಾ ಎಂಬ ಮೀನುಗಾರರ ಪಟ್ಟಣದ ಬಯಲು ಬೆಳಕೇ ಅವರಿಗೆ ಪಾಠಶಾಲೆಯಾಯಿತು. ಇಟಲಿಯ ಚಿತ್ರಕಾರ ಸೆಗಾಂತಿನಿ ಅವರ ಪ್ರಭಾವವನ್ನು ಗುರುತಿಸಬೇಕಾದದ್ದೂ ಈ ಘಟ್ಟದಲ್ಲಿಯೇ. ಬಣ್ಣಗಳನ್ನು ಹಲಗೆಯ ಮೇಲೆ ಕಲಸದೆ, ಬಿಡಿಬಿಡಿ ಗೆರೆಗಳಾಗಿ ಪಕ್ಕಪಕ್ಕದಲ್ಲಿರಿಸಿ, ಬೆರೆಸುವ ಕೆಲಸವನ್ನು ನೋಡುಗನ ಕಣ್ಣಿಗೆ ಬಿಡುವ ವಿಧಾನವದು. ಇದನ್ನು ಪರೀಕ್ಷಿಸಲು ಚಿತ್ರದ ಒಂದು ಮೂಲೆಯನ್ನು, ದೋಣಿಯ ಹಾಯಿ ನೀರಿನಲ್ಲಿ ಪ್ರತಿಫಲಿಸುವ ಜಾಗವಾದರೆ ಇನ್ನೂ ಒಳ್ಳೆಯದು, ಹತ್ತಿರದಿಂದ ನೋಡಿ. ಕುಂಚದ ಒಂದೊಂದು ಗೆರೆ ಯಾವ ದಿಕ್ಕಿಗೆ ಹರಿದಿದೆ, ಪಕ್ಕದ ಗೆರೆಯ ಬಣ್ಣವೇನು ಎಂಬುದನ್ನು ಗಮನಿಸಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬರುವಾಗ ನೋಟದ ರೀತಿಯನ್ನೂ ಬದಲಿಸಬೇಕಾಗುತ್ತದೆ. ಮುಸ್ಸಂಜೆ ಆವರಿಸುತ್ತದೆ, ದಿಗಂತದ ಗೆರೆ ಮಸುಕಾಗುತ್ತದೆ, ಮನುಷ್ಯಾಕೃತಿಗಳು ನೆರಳುಗಳಾಗುತ್ತವೆ. ಚಿತ್ರದ ಒಂದು ಛಾಯಾಪ್ರತಿಯನ್ನು ಕಪ್ಪು-ಬಿಳುಪಿಗೆ ಪರಿವರ್ತಿಸಿ ನೋಡುವುದು ಇಲ್ಲಿ ಬಹಳ ಉಪಯುಕ್ತ: ಬಣ್ಣವನ್ನು ಕಳೆದುಕೊಂಡ ಮೇಲೂ ಚಿತ್ರ ಎಷ್ಟು ಉಳಿಯುತ್ತದೆ ಎಂಬುದನ್ನು ಆರಂಭಕಾಲದ ಒಂದು ಚಿತ್ರದೊಡನೆ ಹೋಲಿಸಿದರೆ, ವರ್ಣದಿಂದ ಛಾಯೆಯ ಕಡೆಗೆ ಅವರು ಸಾಗಿದ ದಾರಿ ನಿಚ್ಚಳವಾಗುತ್ತದೆ. 1908ರಲ್ಲಿ ಸ್ಪ್ಲಿಟ್‌ನಲ್ಲಿ ಹುಟ್ಟಿದ ಮೆದುಲಿಚ್ ಕಲಾವಿದರ ಸಂಘದಲ್ಲಿ ಅವರೂ ಇದ್ದರು. ಆದರೆ ಆ ಬಳಗಕ್ಕೆ ಹೆಸರು ತಂದ ವೀರಗಾಥೆಯ ಅಬ್ಬರವನ್ನು ಇವರ ಕಡಲಿನಲ್ಲಿ ಹುಡುಕುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಚಿತ್ರದ ಅಳತೆಯನ್ನೂ ಓದಿಕೊಳ್ಳಿ. ಸ್ಥಳದಲ್ಲೇ ಬರೆದ ಪುಟ್ಟ ಅಭ್ಯಾಸಚಿತ್ರವೂ ಚಿತ್ರಶಾಲೆಯಲ್ಲಿ ಕಟ್ಟಿದ ದೊಡ್ಡ ಕ್ಯಾನ್ವಾಸೂ ಪರದೆಯ ಮೇಲೆ ಒಂದೇ ಗಾತ್ರದಲ್ಲಿ ಕಾಣುವುದರಿಂದ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಮುಸ್ಸಂಜೆಯ ಚಿತ್ರಗಳ ಛಾಯಾಪ್ರತಿಗಳನ್ನಂತೂ ಪೂರ್ತಿ ನಂಬಬೇಡಿ. ಕತ್ತಲೆಯನ್ನು ಕೃತಕವಾಗಿ ತಿಳಿಗೊಳಿಸಿರುವ ಸಾಧ್ಯತೆಯಿರುತ್ತದೆ. ಸ್ಪ್ಲಿಟ್‌ಗೆ ಹೋಗುವ ಅವಕಾಶವಿದ್ದರೆ, ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್‌ನ ಅರಮನೆಯ ಆವರಣದಲ್ಲಿ ಅವರ ಹೆಸರಿನಲ್ಲೇ ಇರುವ ಗ್ಯಾಲರಿಯಲ್ಲಿ ಮೂಲಕೃತಿಗಳನ್ನು ನೋಡಬಹುದು. ಅಲ್ಲಿ ಸ್ಪ್ಲಿಟ್ ಮತ್ತು ಅದರ ಸಮೀಪದ ತ್ರೋಗಿರ್ ಪಟ್ಟಣದ ಚರ್ಚುಗಳ ಒಳಾಂಗಣಗಳನ್ನು ಚಿತ್ರಿಸಿದ ಅವರ ನಂತರದ ಕೃತಿಗಳನ್ನು ಕಡಲಚಿತ್ರಗಳಾದ ಬಳಿಕವೇ ನೋಡಿ: ಸಂಜೆಯ ನೀರಿನ ಮೇಲೆ ಕಲಿತ ಛಾಯೆಗಳನ್ನೇ ಅವರು ಕಲ್ಲಿನ ಗೋಡೆಗಳಿಗೂ ಬಳಸಿದ್ದಾರೆಂಬುದು ಆಗ ತಿಳಿಯುತ್ತದೆ.